ಮೀನು ಕಾಯುವ ಹಡಗು

ಜೋಳದ ತೆನೆ ಹಾಲುಗಟ್ಟಿದಾಗ ನಮ್ಮ ನವಲಗುಂದದ ಎರೆಹೊಲಗಳಲ್ಲಿ ಕವಣೆ ಹಿಡಿದು ಹಕ್ಕಿ ಕಾಯುತ್ತಾರೆ. ಮೀನನ್ನೂ ಕಾಯಬೇಕು, ಅದಕ್ಕೆ ಫಿರಂಗಿ ಹೊತ್ತ ಹಡಗು ಬೇಕು ಎಂದರೆ ಕಡಲು ಕಾಣದ ನಮ್ಮವರು ನಕ್ಕಾರು. ಅಂಥದೊಂದು ಹಡಗಿತ್ತು. ಅದು ಕಾಯುತ್ತಿದ್ದುದು ದೂರದ ಕೆನಡಾದ ಪಶ್ಚಿಮ ಕರಾವಳಿಯನ್ನು. ಆದರೂ ನಮ್ಮ ಸ್ವಾತಂತ್ರ್ಯದ ಚರಿತ್ರೆಯೊಳಗೆ ಅದು ಬಂದು ಹೋಗಿದೆ.

ಹೆಸರು ‘ರೇನ್‌ಬೋ’, ಅಂದರೆ ಕಾಮನಬಿಲ್ಲು. ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ ಕಟ್ಟಿ 1891ರಲ್ಲಿ ನೀರಿಗಿಳಿಸಿದ, ಕಲ್ಲಿದ್ದಲು ಸುಟ್ಟು ಉಗಿಯಿಂದ ಓಡುವ ಯುದ್ಧನೌಕೆ. ಬ್ರಿಟಿಷರಿಗೆ ಹಳತಾದ ಮೇಲೆ 1910ರಲ್ಲಿ ಆಗಷ್ಟೇ ಹುಟ್ಟಿದ್ದ ಕೆನಡಾ ನೌಕಾಪಡೆಯ ಪಾಲಾಯಿತು. ದಡದಿಂದ ಮೂರು ಮೈಲಿಯೊಳಗೆ ನುಸುಳಿ ಮೀನು ಹಿಡಿಯುವ ಅಮೆರಿಕದ ದೋಣಿಗಳನ್ನು ತಡೆಯುವುದು ಅದರ ಕೆಲಸಗಳಲ್ಲೊಂದು. 1914ರ ಬೇಸಿಗೆಯಲ್ಲಿ ಸೀಲ್ ಎಂಬ ಕಡಲಪ್ರಾಣಿಗಳ ಬೇಟೆಯ ಮೇಲೆ ಕಣ್ಣಿಡಲು ಅದು ಉತ್ತರಕ್ಕೆ ಹೊರಡುವ ತಯಾರಿಯಲ್ಲಿತ್ತು.

ಅದೇ ಹೊತ್ತಿಗೆ ವ್ಯಾಂಕೂವರ್ ಬಂದರಿನಲ್ಲಿ ಜಪಾನಿ ಹಡಗು ‘ಕೋಮಗಾಟ ಮಾರು’ ನಿಂತಿತ್ತು. ಗುರ್ದಿತ್ ಸಿಂಗ್ ಅದನ್ನು ಬಾಡಿಗೆಗೆ ಹಿಡಿದಿದ್ದರು. ಮೇ 23ರಂದು ಬಂದ ಅದರಲ್ಲಿ 376 ಜನ: 340 ಸಿಖ್ಖರು, 24 ಮುಸ್ಲಿಮರು, 12 ಹಿಂದೂಗಳು. ಎಲ್ಲರೂ ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳೇ. ಕೆನಡಾವೂ ಆ ಚಕ್ರವರ್ತಿಯದೇ. ಆದರೆ ಹುಟ್ಟಿದ ನಾಡಿನಿಂದ ಎಲ್ಲೂ ಇಳಿಯದೆ ಒಂದೇ ಪಯಣದಲ್ಲಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮ 1908ರಿಂದ ಇತ್ತು. ಭಾರತದಿಂದ ಹಾಗೆ ಬರುವ ದಾರಿಯೇ ಉಳಿದಿರಲಿಲ್ಲ! ಭಾರತೀಯರ ಹೆಸರೆತ್ತದೆಯೇ ಅವರಿಗೆ ಬಾಗಿಲು ಮುಚ್ಚಿದ ಜಾಣತನವಿದು. ಇಂಥ ಜಾಣ ಕಾನೂನುಗಳ ಕಾಲ ಮುಗಿಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಮೊದಲೇ ಅಲ್ಲಿ ನೆಲೆಸಿದ್ದ ಕೆಲವರನ್ನು ಬಿಟ್ಟು ಉಳಿದವರನ್ನು ಎರಡು ತಿಂಗಳಾದರೂ ಇಳಿಸಲಿಲ್ಲ. ಅನ್ನ, ನೀರಿಗೂ ತತ್ವಾರ. ದಡದ ಭಾರತೀಯರು ಹಣ ಕೂಡಿಸಿ ಕೋರ್ಟಿಗೆ ಹೋದರು. ಅವರ ಮುಂದಾಳುಗಳಲ್ಲಿ ಒಬ್ಬರು ಹುಸೇನ್ ರಹೀಮ್. ಪೋರಬಂದರಿನಲ್ಲಿ ಛಗನ್ ಖೈರಾಜ್ ವರ್ಮಾ ಆಗಿ ಹುಟ್ಟಿ, ಆಮೇಲೆ ಈ ಹೆಸರು ಇಟ್ಟುಕೊಂಡವರು. ಸಿಖ್ಖರ ಹಡಗಿಗಾಗಿ ಅವರು ಓಡಾಡಿದರು. ಜುಲೈ 6ರಂದು ಕೋರ್ಟು ಕೈಬಿಟ್ಟಿತು. 19ರ ನಸುಕಿನಲ್ಲಿ ಪೊಲೀಸರು ಸಣ್ಣ ಉಗಿದೋಣಿಯಲ್ಲಿ ಬಂದು ಹಡಗೇರಲು ನೋಡಿದಾಗ, ಪ್ರಯಾಣಿಕರು ಕಲ್ಲಿದ್ದಲಿನ ಹೆಂಟೆಗಳನ್ನು ಬೀರಿ ಹಿಮ್ಮೆಟ್ಟಿಸಿದರು.

ಆಗ ರೇನ್‌ಬೋಗೆ ಕರೆ ಹೋಯಿತು. ಕಮಾಂಡರ್ ವಾಲ್ಟರ್ ಹೋಸ್ 21ರಂದು ಅದನ್ನು ತಂದು ಹತ್ತಿರದಲ್ಲೇ ನಿಲ್ಲಿಸಿದರು. ದಡದಲ್ಲಿ ಜಾತ್ರೆಯಂತೆ ಜನ. ಫಿರಂಗಿ ಹಾರಲಿಲ್ಲ, ಹಾರಿಸುವ ಅಗತ್ಯವೂ ಬೀಳಲಿಲ್ಲ. ದಾರಿಗೆ ಬೇಕಾದ ದಿನಸಿ ಕೊಡಲು ಸರಕಾರ ಒಪ್ಪಿತು. 23ರಂದು ಕೋಮಗಾಟ ಮಾರು ಲಂಗರೆತ್ತಿತು. ಮೀನು ಕಾಯುವ ಹಡಗು ಅದರ ಬೆನ್ನಿಗೆ ಹೋಗಿ, ತೆರೆದ ಕಡಲಿಗೆ ದಾಟಿಸಿ ಬಂತು.

ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಅವರನ್ನು ಬಲವಂತವಾಗಿ ರೈಲು ಹತ್ತಿಸಿ ಪಂಜಾಬಿಗೆ ಕಳಿಸಲು ಬ್ರಿಟಿಷ್ ಸರಕಾರ ಹೊರಟಿತು. ಘರ್ಷಣೆಯಾಯಿತು. ಗೋಲಿಬಾರಿನಲ್ಲಿ ಸುಮಾರು 20 ಪ್ರಯಾಣಿಕರು ಸತ್ತರು. ತಮ್ಮ ನೆಲಕ್ಕೆ ಕಾಲಿಟ್ಟ ದಿನವೇ.

ಹೋಸ್ ಮುಂದೆ ಕೆನಡಾ ನೌಕಾಪಡೆಯ ಮುಖ್ಯಸ್ಥರಾದರು. ರೇನ್‌ಬೋ 1920ರಲ್ಲಿ ಗುಜರಿಗೆ ಮಾರಾಟವಾಯಿತು. ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು, 102 ವರ್ಷಗಳ ನಂತರ.