ಬೇಗಂ ತಲಾಬದಿಂದ ಅಡಿಗಿಮನಿ ಆರ್‌ಓ ತನಕ

ಆರ್‌ಓ ಬೇಕೋ ಬ್ಯಾಡೋ ಅಂತ ನಮ್ಮ ಜಲನಗರದ ಗೆಳತ್ಯಾರು ಕೇಳ್ತಿರ್ತಾರ. ನಾ ಮದ್ಲ ಊರಿನ ಕತಿ ಹೇಳ್ತೀನಿ.

1651ರಾಗ ಮಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ ಕಟ್ಟಿಸಿದ. ಅಲ್ಲಿಂದ ಊರಿಗೆ ಮಣ್ಣಿನ ಕೊಳವಿ ಒಳಗ ನೀರು ಬರ್ತಿತ್ತು. ಕೊಳವಿ ದಾರಿಗುಂಟ ‘ಗಂಜ್’ ಅನ್ನೂ ಎತ್ತರದ ಗೋಪುರ ಕಟ್ಟಿದ್ರು. ಅವು ನೀರಿನ ಒತ್ತಡ ತಗ್ಗಿಸಿ ಕೊಳವಿ ಒಡೀಲಾರದಂಗ ಕಾಯ್ತಿದ್ವು. ರಾಡಿ ತಳಕ್ಕ ಕುಂತು, ತಿಳಿನೀರು ಮುಂದ ಹೋಗ್ತಿತ್ತು. ನಮ್ಮ ಅವ್ವಂದಿರು ನೀರು ತಿಳಿಯಾಕ ಬಿಟ್ಟು, ಅರಬಿಲೆ ಸೋಸಿ ಕೊಡ ತುಂಬತಿದ್ದದ್ದೂ ಇದ ಲೆಕ್ಕ.

ಆದ್ರ ಕರಗಿದ ಉಪ್ಪು ತಳಕ್ಕ ಕುಂಡ್ರೂದಿಲ್ಲ, ಸೋಸಿದ್ರೂ ಹೋಗೂದಿಲ್ಲ. ಬೋರಿನ ಸವಳ ನೀರಾಗ ಬ್ಯಾಳಿನೂ ಲಗೂ ಬೇಯೂದಿಲ್ಲ. ಆರ್‌ಓ ಆ ಉಪ್ಪು, ಫ್ಲೋರೈಡ್ ತಗೀತೈತಿ; ಜೋಡಿ ಮೈಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂನೂ ತಗೀತೈತಿ. ಅದಕ್ಕಂತನ ಕಡೀಗೆ ಮಿನರಲ್ ಕಾರ್ಟ್ರಿಜ್ ಕೂಡಿಸಿ ಒಂದಿಷ್ಟು ತಿರಗಿ ನೀರಿಗೆ ಹಾಕ್ತಾರ.

ಹಿಂಗಾಗಿ ಅಕ್ಕಾರ, ಮಷೀನ ತರೂ ಮುಂಚೆ ನೀರು ಪರೀಕ್ಷೆ ಮಾಡಸ್ರಿ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು, ಫ್ಲೋರೈಡ್, ನೈಟ್ರೇಟ್ ಮಿತಿಯೊಳಗ ಇದ್ರ ಸೋಸಿ, ಕುದಿಸಿ, ಆರಿಸಿ ಕುಡೀರಿ. ಫ್ಲೋರೈಡ್ ಹೆಚ್ಚಿದ್ರ ಮಾತ್ರ ಕುದಿಸಿದ್ರ ಹೋಗೂದಿಲ್ಲ, ಆಗ ಆರ್‌ಓ ಉಪಯೋಗಕ್ಕ ಬರ್ತೈತಿ. ಅದು ಹೊರಗ ಬಿಡೂ ನೀರು ಚೆಲ್ಲಬ್ಯಾಡ್ರಿ. ಅಂಗಳ ತೊಳಿಯಾಕ ಬರ್ತೈತಿ.