ಮೆಲನಾಪ್ಸಿನ್

ಮೆಲನಾಪ್ಸಿನ್ ಸಸ್ತನಿಗಳ ಅಕ್ಷಿಪಟಲದಲ್ಲಿರುವ, ಬೆಳಕನ್ನು ಗ್ರಹಿಸುವ ಒಂದು ಪ್ರೋಟೀನು. ದೇಹದ ಜೈವಿಕ ಗಡಿಯಾರವನ್ನು ಹಗಲಿರುಳಿನ ಚಕ್ರಕ್ಕೆ ಹೊಂದಿಸುವುದು ಇದರ ಮುಖ್ಯ ಕಾರ್ಯ. ಇರುಳಿನಲ್ಲಿ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್ ಹಾರ್ಮೋನು ಬೇರೆ, ಇದು ಬೇರೆ. ಹೆಸರಿನ ಹೋಲಿಕೆಯಿಂದ ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು.

ಶೋಧ

ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವವು ದಂಡಕೋಶ ಮತ್ತು ಶಂಕುಕೋಶಗಳು ಮಾತ್ರವೆಂದು ದೀರ್ಘಕಾಲ ನಂಬಲಾಗಿತ್ತು. ಇವೆರಡೂ ಇಲ್ಲದ ಇಲಿಗಳು ಕೂಡ ಬೆಳಕಿಗೆ ತಮ್ಮ ದಿನಚರಿಯನ್ನು ಹೊಂದಿಸಿಕೊಳ್ಳುತ್ತವೆಂದು ರಸೆಲ್ ಫಾಸ್ಟರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಇಗ್ನಾಸಿಯೊ ಪ್ರೊವೆನ್ಸಿಯೊ 1998ರಲ್ಲಿ ಕಪ್ಪೆಯ ಚರ್ಮದ ವರ್ಣಕೋಶಗಳಲ್ಲಿ ಗುರುತಿಸಿದ್ದ ಮೆಲನಾಪ್ಸಿನ್, 2000ದಲ್ಲಿ ಇಲಿ ಮತ್ತು ಮನುಷ್ಯರ ಅಕ್ಷಿಪಟಲದಲ್ಲೂ ಪತ್ತೆಯಾಯಿತು. ಅದು ಕೆಲವೇ ಗ್ಯಾಂಗ್ಲಿಯಾನ್ ಕೋಶಗಳಲ್ಲಿದ್ದು, ಆ ಕೋಶಗಳು ತಾವೇ ಬೆಳಕಿಗೆ ಸ್ಪಂದಿಸುತ್ತವೆಂಬುದು 2002ರಲ್ಲಿ ಡೇವಿಡ್ ಬರ್ಸನ್, ಸಮೇರ್ ಹತ್ತಾರ್ ಮೊದಲಾದವರ ಪ್ರಯೋಗಗಳಿಂದ ಖಚಿತವಾಯಿತು. ಮೆಲನಾಪ್ಸಿನ್ ಇಲ್ಲದ ಇಲಿಗಳ ಗಡಿಯಾರ ಬೆಳಕಿಗೆ ಕಡಿಮೆ ಸ್ಪಂದಿಸುವುದನ್ನು ಅದೇ ವರ್ಷ ತೋರಿಸಿದವರಲ್ಲಿ ಒಡಿಶಾ ಮೂಲದ ಸಚ್ಚಿದಾನಂದ ಪಂಡಾ ಒಬ್ಬರು.

ಕಾರ್ಯವಿಧಾನ

ಸುಮಾರು 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಮೆಲನಾಪ್ಸಿನ್ ಅತ್ಯಂತ ಸೂಕ್ಷ್ಮವಾಗಿದೆ. ಬೆಳಕು ಬಿದ್ದಾಗ ಕೋಶದಲ್ಲಿ ಹುಟ್ಟುವ ಸಂಕೇತವು ನರತಂತುಗಳ ಮೂಲಕ ಮೆದುಳಿನ ಹೈಪೊಥಲಾಮಸ್‌ನಲ್ಲಿರುವ ಸುಪ್ರಾಕಯಾಸ್ಮ್ಯಾಟಿಕ್ ನರಕೇಂದ್ರಕ್ಕೆ ತಲುಪುತ್ತದೆ. ದೇಹದ ಮುಖ್ಯ ಗಡಿಯಾರ ಇದೇ. ದಂಡ ಮತ್ತು ಶಂಕುಕೋಶಗಳ ಸಂಕೇತಗಳೂ ಇದೇ ಗ್ಯಾಂಗ್ಲಿಯಾನ್ ಕೋಶಗಳ ಮೂಲಕ ಅಲ್ಲಿಗೆ ಹೋಗುತ್ತವೆ. ಮನುಷ್ಯನ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ತುಸು ದೀರ್ಘ. ಆದ್ದರಿಂದ ಅದನ್ನು ಪ್ರತಿದಿನವೂ ಸರಿಪಡಿಸಬೇಕಾಗುತ್ತದೆ. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತರುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ತಳ್ಳುತ್ತದೆ.

ಕಲಬುರಗಿ ಪ್ರದೇಶದ ಉದಾಹರಣೆ

ಈ ಗಡಿಯಾರ ಅನುಸರಿಸುವುದು ಮುಖ್ಯವಾಗಿ ಸೂರ್ಯನನ್ನು, ಗೋಡೆಯ ಗಡಿಯಾರವನ್ನಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಲಬುರಗಿ ಮತ್ತು ಕಮಲಾಪುರ ಸುಮಾರು 77 ಡಿಗ್ರಿಯಲ್ಲಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೇರುವುದು ಸರಾಸರಿ 22 ನಿಮಿಷ ತಡ. ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು 11 ಗಂಟೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟದಲ್ಲಿ ಬೆಳಗಿನಿಂದ ದುಡಿಯುವವರ ಕಣ್ಣಿಗೆ ಹತ್ತಾರು ಸಾವಿರ ಲಕ್ಸ್ ಬೆಳಕು ದೊರೆಯಬಲ್ಲದು. ಕಲಬುರಗಿ ನಗರದ ಕೋಣೆಯೊಳಗಿನ ದೀಪದಿಂದ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ರಾತ್ರಿಪಾಳಿಯವರಲ್ಲಿ ಈ ಕ್ರಮವೇ ತಲೆಕೆಳಗಾಗುತ್ತದೆ.

ಅಂಧತ್ವ ಮತ್ತು ಚಿಕಿತ್ಸೆ

ದಂಡ ಮತ್ತು ಶಂಕುಕೋಶಗಳು ನಾಶವಾಗಿ ದೃಷ್ಟಿ ಕಳೆದುಕೊಂಡ ಕೆಲವರಲ್ಲಿ ಮೆಲನಾಪ್ಸಿನ್ ಕೋಶಗಳು ಉಳಿದಿರುತ್ತವೆ. ಅವರಿಗೆ ಏನೂ ಕಾಣದಿದ್ದರೂ ಬೆಳಕು ಅವರ ನಿದ್ರೆಯನ್ನು ಕ್ರಮದಲ್ಲಿಡಬಲ್ಲದು. ಎರಡೂ ಕಣ್ಣುಗಳನ್ನು ತೆಗೆದವರಲ್ಲಿ ಈ ಹಾದಿಯೇ ಮುಚ್ಚಿಹೋಗಿ, ಅನೇಕರ ನಿದ್ರೆಯ ವೇಳೆ ದಿನದಿಂದ ದಿನಕ್ಕೆ ಜಾರುತ್ತ ಹೋಗುತ್ತದೆ. ಆದುದರಿಂದ ಕಾಣದ ಕಣ್ಣನ್ನು ನಿರುಪಯುಕ್ತವೆಂದು ಬಗೆದು ತೆಗೆಯುವ ಮೊದಲು ಅದು ಈ ಕೆಲಸವನ್ನು ಮಾಡುತ್ತಿದೆಯೇ ಎಂಬುದನ್ನು ವೈದ್ಯರು ಪರಿಶೀಲಿಸುವುದು ಅಗತ್ಯ.