ಗಂಧದೆಣ್ಣೆ ನಡೆದ ದಾರಿ

ಗಾಜಿನ ಪುಟ್ಟ ಸೀಸೆಯಿಂದ ನಾಲ್ಕು ಹನಿ ಸುಗಂಧ ತೈಲವನ್ನು ನೀರಿಗೆ ಬಿಟ್ಟು, ಅದರ ಆವಿಯನ್ನು ಕೋಣೆಯಲ್ಲಿ ಹರಡಿಸಿ, ಮನಸ್ಸಿಗೆ ನೆಮ್ಮದಿ ಪಡೆಯುವ ಹವ್ಯಾಸ ಈಚೆಗೆ ನಮ್ಮ ನಗರಗಳಲ್ಲಿ ಬೆಳೆದಿದೆ. ಅದಕ್ಕೆ ಅರೋಮಾಥೆರಪಿ ಎಂದು ಹೆಸರು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೊರಿಸ್ ಗಾಟ್‌ಫೊಸೆ 1937ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇಟ್ಟ ಹೆಸರು ಅದು. 1910ರಲ್ಲಿ ಪ್ರಯೋಗಶಾಲೆಯ ಅವಘಡದಲ್ಲಿ ಸುಟ್ಟ ಕೈಗಳಿಗೆ ಆತ ಲ್ಯಾವೆಂಡರ್ ತೈಲವನ್ನು ಬಳಸಿದ್ದ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಲ್ಯಾವೆಂಡರಿನ ಕಥೆಯನ್ನಲ್ಲ. ಆ ಸೀಸೆಗಳ ಸಾಲಿನಲ್ಲಿ ಬಹು ಬೆಲೆಬಾಳುವ, ನಮ್ಮದೇ ನಾಡಿನ ಶ್ರೀಗಂಧದ ಎಣ್ಣೆಯ ಕಥೆಯನ್ನು.

ನಮ್ಮ ಹಿರಿಯರಿಗೆ ಗಂಧವೆಂದರೆ ಸೀಸೆಯಲ್ಲಿರುವ ಪದಾರ್ಥವಲ್ಲ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ಕೊರಡನ್ನು ತೇಯಬೇಕು. ತೇಯ್ದದ್ದು ದೇವರಿಗೂ ಸಲ್ಲುತ್ತದೆ, ಬೇಸಗೆಯಲ್ಲಿ ಹಣೆಗೂ ಸಲ್ಲುತ್ತದೆ. ಎಣ್ಣೆ ತೆಗೆಯುವ ವಿದ್ಯೆ ದೇಶಕ್ಕೆ ಹೊಸದೇನೂ ಆಗಿರಲಿಲ್ಲ. ಉತ್ತರದ ಕನೌಜಿನ ಅತ್ತರಿನವರು ತಾಮ್ರದ ಹಂಡೆಯಲ್ಲಿ ಹೂವನ್ನು ಬೇಯಿಸಿ, ಬಿದಿರಿನ ಕೊಳವೆಯ ಮೂಲಕ ಬಂದ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿದಿಡುತ್ತಿದ್ದರು. ಗುಲಾಬಿಯಾಗಲಿ ಕೇದಗೆಯಾಗಲಿ, ಅದರ ಪರಿಮಳಕ್ಕೆ ನೆಲೆ ಕೊಟ್ಟದ್ದು ಗಂಧ.

ಮೈಸೂರು ಸೀಮೆಯಲ್ಲಿ ಈ ಮರಕ್ಕೆ ರಾಜಯೋಗ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1792ರಲ್ಲಿ ಅವನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ರಾಜ್ಯಗಳು ಮಗುಚಿದವು, ಈ ನಿಯಮ ಮಾತ್ರ ಮಗುಚಲಿಲ್ಲ. ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಅದು ಕಾಣೆಯಾದರೆ ಜವಾಬು ಹೇಳಬೇಕಾದವನು ರೈತ! ಹೀಗಿರುವಾಗ ಬದುವಿನಲ್ಲಿ ಮೊಳೆತ ಸಸಿಯನ್ನು ಯಾರು ತಾನೆ ಅಕ್ಕರೆಯಿಂದ ಬೆಳೆಸಿಯಾರು?

ಮರವೇನೋ ನಮ್ಮದಾಗಿತ್ತು, ಎಣ್ಣೆಯ ಲಾಭ ಪರರದಾಗಿತ್ತು. ಮೈಸೂರಿನ ಗಂಧದ ಕೊರಡು ಹಡಗೇರಿ ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಭಟ್ಟಿಯಿಳಿದು ತೈಲವಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಕೊಳ್ಳುತ್ತಿದ್ದವನು ಶತ್ರುವಾದ, ಕೊರಡಿನ ರಾಶಿ ಕೋಠಿಗಳಲ್ಲಿ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಸಡ್‌ಬರೊ ಮತ್ತು ವ್ಯಾಟ್ಸನ್ ಎಂಬ ವಿಜ್ಞಾನಿಗಳು ಗಂಧದೆಣ್ಣೆಯನ್ನು ಭಟ್ಟಿಯಿಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಎದ್ದವು. ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಕೈಯಲ್ಲಿ ಅದೇ ಎಣ್ಣೆ ಮೈಸೂರ್ ಸ್ಯಾಂಡಲ್ ಸೋಪಾಯಿತು. ಸಾಣೆಕಲ್ಲಿಲ್ಲದ ಬಡವರ ಬಚ್ಚಲಿಗೂ ಗಂಧ ಬಂದದ್ದು ಹೀಗೆ.

ಎಣ್ಣೆ ತೆಗೆಯುವುದು ತಾಳ್ಮೆಯ ಕೆಲಸ. ತೊಗಟೆ ಮತ್ತು ಬಿಳಿಯ ಹೊರಮರಕ್ಕೆ ಪರಿಮಳವಿಲ್ಲ. ಕೆಚ್ಚಿನಲ್ಲಿ ಮಾತ್ರ ಉಂಟು, ಬೇರಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದಲೇ ಗಂಧದ ಮರವನ್ನು ಬುಡಕ್ಕೆ ಕಡಿಯದೆ ಬೇರುಸಹಿತ ಕೀಳುವುದು ವಾಡಿಕೆ. ಕೆಚ್ಚನ್ನು ಪುಡಿಮಾಡಿ ದಿನಗಟ್ಟಲೆ ಹಬೆಯಾಡಿಸಿದರೆ, ನೂರು ಸೇರು ಪುಡಿಗೆ ಕೆಲವೇ ಸೇರು ಎಣ್ಣೆ ಸಿಕ್ಕೀತು. ಅದರ ಬಹುಭಾಗ ಸ್ಯಾಂಟಲಾಲ್ ಎಂಬ ದ್ರವ್ಯ. ಬೇಗ ಹಾರಿಹೋಗದ ಗುಣ ಅದರದು.

ಒಂದು ಕಾಲಕ್ಕೆ ಯೂರೋಪಿನ ಔಷಧಾಲಯಗಳಲ್ಲಿ ಗಂಧದೆಣ್ಣೆಗೆ ಮಾನ್ಯ ಸ್ಥಾನವಿತ್ತು. ಗೊನೊರಿಯಾ ಮೊದಲಾದ ಮೂತ್ರಮಾರ್ಗದ ಬೇನೆಗಳಿಗೆ ಅದನ್ನು ಗುಳಿಗೆಯಲ್ಲಿ ತುಂಬಿ ನುಂಗಿಸುತ್ತಿದ್ದರು. ಸಲ್ಫಾ ಔಷಧಗಳೂ ಪೆನಿಸಿಲಿನ್ನೂ ಬಂದ ಮೇಲೆ ಆ ಸ್ಥಾನ ಹೋಯಿತು. ಇದನ್ನು ಇಂದಿನ ತೈಲಪ್ರಿಯರು ನೆನೆಯುವುದು ಒಳ್ಳೆಯದು. ಪರಿಮಳ ಮನಸ್ಸಿಗೆ ಹಿತವೆಂಬುದನ್ನು ನಾನು ಅಲ್ಲಗಳೆಯಲಾರೆ. ರೋಗ ಕಳೆಯುವುದೆಂದರೆ ಒಪ್ಪಲಾರೆ. ಇನ್ನೊಂದು ಮಾತು: ಇವು ಅಡುಗೆಯೆಣ್ಣೆಯಂಥವಲ್ಲ, ಬಹು ತೀಕ್ಷ್ಣವಾದವು. ನೆಗಡಿಗೆಂದು ಇಟ್ಟ ನೀಲಗಿರಿ ತೈಲವನ್ನು ಮಗುವೊಂದು ಒಂದೆರಡು ಚಮಚ ಕುಡಿದರೂ ಸೆಳವು ಬಂದು ಪ್ರಾಣಕ್ಕೆ ಅಪಾಯವಾದೀತು. ಹನಿಯನ್ನು ನೇರವಾಗಿ ಚರ್ಮಕ್ಕೆ ಹಚ್ಚದೆ ಕೊಬ್ಬರಿ ಎಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ತೆಳುಮಾಡಬೇಕು. ಸೀಸೆ ಮಕ್ಕಳ ಕೈಗೆ ಎಟುಕದಿರಲಿ.

ಈ ನಡುವೆ ಮರ ಮಾತ್ರ ಕಡಮೆಯಾಗುತ್ತ ಬಂತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ ಎಲೆಗಳನ್ನು ಮುಳ್ಳಿನಂತೆ ಕುಗ್ಗಿಸಿ ಕಾಡುಕಾಡುಗಳನ್ನೇ ಒಣಗಿಸಿತು. ಅದು ಉಳಿಸಿದ್ದು ಕಳ್ಳರ ಪಾಲಾಯಿತು. 1998ರಲ್ಲಿ ವಿಶ್ವ ಸಂರಕ್ಷಣಾ ಒಕ್ಕೂಟ ಅಪಾಯಕ್ಕೀಡಾಗಬಹುದಾದ ಜಾತಿಗಳ ಪಟ್ಟಿಗೆ ಶ್ರೀಗಂಧವನ್ನು ಸೇರಿಸಿತು. 2001ರಲ್ಲಿ ಕರ್ನಾಟಕ ಸರ್ಕಾರ ಅರಣ್ಯ ಕಾಯಿದೆಯನ್ನು ತಿದ್ದಿ, ಹೊಲದ ಮರ ಹೊಲದವನದೇ ಎಂದಿತು. ಇನ್ನೂರು ವರ್ಷಗಳ ಮೇಲೆ ಬಂದ ನ್ಯಾಯ. ರೈತರು ಈಗ ತೊಗರಿಯ ಆಸರೆ ಕೊಟ್ಟು ಸಸಿ ನೆಡುತ್ತಿದ್ದಾರೆ. ನೆರೆಯ ಗಿಡದ ಬೇರಿನಿಂದ ಆಹಾರ ಹೀರದೆ ಗಂಧ ಬೆಳೆಯದು. ಕೆಚ್ಚು ಬಲಿಯುವುದಕ್ಕೆ ದಶಕಗಳು ಬೇಕು, ಅಷ್ಟು ಕಾಲವೂ ಇರುಳು ಕಾವಲು ಬೇಕು. ಅತ್ತ, ಪಶ್ಚಿಮ ಆಸ್ಟ್ರೇಲಿಯದ ಕುನುನುರ್ರಾದ ಬಯಲಿನಲ್ಲಿ ನಮ್ಮದೇ ಜಾತಿಯ ಶ್ರೀಗಂಧದ ವಿಶಾಲವಾದ ತೋಟಗಳು ಎದ್ದಿವೆ. ಅಲ್ಲಿಯ ಎಣ್ಣೆ ಲೋಕದ ಪೇಟೆಗೆ ಬಂದಿದೆ.